ಕುಟುಂಬದ ಭಾರವೂ ವೃತ್ತಿಯ ಆಯ್ಕೆಯೂ



ಈ ವಿಚಾರಸಂಕಿರಣದ ಆಶಯವನ್ನು ನಿವೇದಿಸಬೇಕೆಂದು ಸಂಚಾಲಕರು ಅಪ್ಪಣೆ ಕೊಟ್ಟ ದಿನದಿಂದ ನನ್ನ ಕಣ್ಣೆದುರಿಗೆ ನಿಂತಿರುವುದು ನೂರು ಪುಟದ ಒಂದು ನೋಟುಪುಸ್ತಕ. ನಾನು ಇನ್ನೂ ಶುಶ್ರೂಷಾ ವಿದ್ಯಾಲಯದ ಸೇವೆಯಲ್ಲಿದ್ದಾಗ, ಪ್ರವೇಶದ ಕಾಲದ ಒಂದು ಮಧ್ಯಾಹ್ನ, ಹಾಸನದ ಕಡೆಯ ಹಳ್ಳಿಯೊಂದರಿಂದ ತಾಯಿ ಮಗಳಿಬ್ಬರು ಅದನ್ನು ತಂದು ನನ್ನ ಮೇಜಿನ ಮೇಲೆ ಬಿಚ್ಚಿದರು. ಮನೆಯ ಯಜಮಾನ ತೀರಿಕೊಂಡು ಎರಡು ವರ್ಷವಾಗಿತ್ತು. ಮಗ ಇನ್ನೂ ಒಂಬತ್ತನೆಯ ತರಗತಿಯಲ್ಲಿದ್ದ. ಮಗಳು ಪಿಯುಸಿಯನ್ನು ವಿಜ್ಞಾನ ವಿಷಯಗಳಲ್ಲಿ ಒಳ್ಳೆಯ ಅಂಕಗಳಿಂದ ಮುಗಿಸಿದ್ದಳು. ಪುಟದ ನಡುವೆ ಗೆರೆ ಎಳೆದು, ಎಡಕ್ಕೆ ‘ನಾಲ್ಕು ವರ್ಷ’ ಎಂದೂ ಬಲಕ್ಕೆ ‘ಮೂರು ವರ್ಷ’ ಎಂದೂ ಬರೆದು, ಅದರಡಿಯಲ್ಲಿ ಫೀಸು, ಹಾಸ್ಟೆಲು, ಸ್ತ್ರೀಶಕ್ತಿ ಸಂಘದ ಸಾಲದ ಕಂತು, ತಮ್ಮನ ಶಾಲೆ ಎಂದು ಒಂದೊಂದನ್ನೂ ಅವಳೇ ದುಂಡಾದ ಅಕ್ಷರಗಳಲ್ಲಿ ನಮೂದಿಸಿದ್ದಳು. ‘ಓದು ಯಾವುದಾದರೂ ಆಗಲಿ ಮೇಡಂ, ಇವಳ ಕೈಗೆ ಸಂಬಳ ಯಾವಾಗ ಬತ್ತದೆ, ಅಷ್ಟು ಹೇಳಿ’ ಎಂದರು ತಾಯಿ. ಮಗಳು ಪೆನ್ನಿನ ಮುಚ್ಚಳವನ್ನು ತೆಗೆಯುತ್ತ ಹಾಕುತ್ತ ತಲೆತಗ್ಗಿಸಿ ಕುಳಿತಿದ್ದಳು. ‘ಈಗ ಮೂರು ವರ್ಷದ ಡಿಪ್ಲೊಮಾಕ್ಕೆ ಸೇರಮ್ಮ, ಮುಂದೆ ಓದಬಹುದು’ ಎಂದೆ ನಾನು.

‘ಮುಂದೆ ಓದಬಹುದು’ ಎಂಬ ಈ ಎರಡು ಪದಗಳನ್ನು ನನ್ನ ವೃತ್ತಿಜೀವನದಲ್ಲಿ ಎಷ್ಟು ಮಂದಿಗೆ ಹೇಳಿದೆನೋ ಲೆಕ್ಕವಿಲ್ಲ. ಇಲ್ಲಿ ನೆರೆದಿರುವ ಅಧ್ಯಾಪಕರೂ ಹೇಳಿಯೇ ಇರುತ್ತೀರಿ. ಅವು ಕೇಳುವವಳ ಪಾಲಿಗೆ ವಾಗ್ದಾನವಾಗಿ ಪರಿಣಮಿಸುತ್ತವೆ. ಕೊಟ್ಟ ವಾಗ್ದಾನವನ್ನು ನಡೆಸುವ ಹೊಣೆಯೂ ಕೊಟ್ಟವರ ಮೇಲೆಯೇ ಬೀಳುತ್ತದೆ. ನಾವು ಅದನ್ನು ನಡೆಸಿದ್ದೇವೆಯೆ ಎಂಬ ಪ್ರಶ್ನೆಯೊಂದನ್ನೇ ಈ ಸಭೆಯ ಮುಂದಿಡಲು ನಾನು ಬಂದಿದ್ದೇನೆ.

ನಮ್ಮ ದೇಶದಲ್ಲಿ ಶುಶ್ರೂಷೆಗೆ ಪದವಿ ಶಿಕ್ಷಣದ ಗೌರವ ದೊರೆತುದು 1946ರಲ್ಲಿ, ದೆಹಲಿ ಮತ್ತು ವೆಲ್ಲೂರುಗಳಲ್ಲಿ. ಮರುವರ್ಷವೇ ಭಾರತೀಯ ಶುಶ್ರೂಷಾ ಪರಿಷತ್ತಿನ ಶಾಸನವೂ ಜಾರಿಗೆ ಬಂದಿತು. ಅಂದಿನಿಂದ ಬೆಳೆದು ಬಂದಿರುವ ವ್ಯವಸ್ಥೆಯಲ್ಲಿ ಎರಡು ವರ್ಷದ ಎಎನ್‌ಎಂ (ಸಹಾಯಕ ಶುಶ್ರೂಷೆ ಮತ್ತು ಪ್ರಸೂತಿ), ಮೂರು ವರ್ಷದ ಜಿಎನ್‌ಎಂ (ಸಾಮಾನ್ಯ ಶುಶ್ರೂಷೆ ಮತ್ತು ಪ್ರಸೂತಿ) ಡಿಪ್ಲೊಮಾ, ನಾಲ್ಕು ವರ್ಷದ ಬಿಎಸ್ಸಿ ಎಂಬ ಮೂರು ಮೆಟ್ಟಿಲುಗಳುಂಟು. ಮೊದಲ ಎರಡಕ್ಕೆ ಪಿಯುಸಿಯಲ್ಲಿ ಕಲಾವಿಷಯಗಳನ್ನು ಓದಿದವರೂ ಅರ್ಹರು. ಮೂರನೆಯದಕ್ಕೆ ವಿಜ್ಞಾನವನ್ನೇ ಓದಿರಬೇಕು. ಹತ್ತನೆಯ ತರಗತಿ ಮುಗಿದಾಗ, ಸಮೀಪದ ಕಾಲೇಜಿನಲ್ಲಿ ವಿಜ್ಞಾನವಿಲ್ಲದ ಕಾರಣದಿಂದಲೋ, ಬಸ್ಸಿನ ಖರ್ಚಿಗೆ ಅಂಜಿಯೋ ಕಲಾವಿಭಾಗಕ್ಕೆ ಸೇರಿದ ಹುಡುಗಿಗೆ, ತಾನು ಮುಂದೊಂದು ದಿನ ಆಸ್ಪತ್ರೆಯ ಬಾಗಿಲು ತಟ್ಟುವೆನೆಂಬುದೇ ತಿಳಿಯದಿದ್ದ ಕಾಲದಲ್ಲಿ, ಒಂದು ದಾರಿ ಮುಚ್ಚಿಹೋಗಿರುತ್ತದೆ. ಪ್ರಯೋಗಾಲಯ, ಕ್ಷಕಿರಣ, ಔಷಧಾಲಯಗಳ ದಾರಿಗಳೂ ಇವೆ. ಸಹವೈದ್ಯಕೀಯ ವೃತ್ತಿಗಳಿಗಾಗಿ 2021ರಲ್ಲಿ ಪ್ರತ್ಯೇಕ ಕಾಯಿದೆಯೂ ಆಗಿದೆ. ಅವನ್ನು ಕುರಿತು ನಾಳಿನ ಗೋಷ್ಠಿಯಲ್ಲಿ ಬಲ್ಲವರು ಮಾತನಾಡುವರಾದುದರಿಂದ ನಾನು ಅತ್ತ ಹೋಗುವುದಿಲ್ಲ.

ಡಿಪ್ಲೊಮಾ ಪಡೆದು ನೋಂದಾಯಿತಳಾದ ದಾದಿಯು ಪದವಿಯನ್ನು ಪಡೆಯಬೇಕಾದರೆ ಪೋಸ್ಟ್ ಬೇಸಿಕ್ ಬಿಎಸ್ಸಿ ಎಂಬ ಎರಡು ವರ್ಷದ ವ್ಯಾಸಂಗವನ್ನು ಮಾಡತಕ್ಕದ್ದು. ಮೂರೂ ಎರಡೂ ಸೇರಿ ಐದು. ಹಣವಿದ್ದವರ ಮಗಳು ನಾಲ್ಕು ವರ್ಷಗಳಲ್ಲಿ ಮುಟ್ಟುವ ಪದವಿಯನ್ನು, ಮನೆಯ ಸಾಲಕ್ಕಾಗಿ ಚಿಕ್ಕ ದಾರಿ ಹಿಡಿದವಳು ಐದು ವರ್ಷಗಳಲ್ಲಿ ಮುಟ್ಟುತ್ತಾಳೆ. ಅದರಲ್ಲಿಯೂ ಕೊನೆಯ ಎರಡು ವರ್ಷಗಳು, ಮನೆಯವರೆಲ್ಲರೂ ಅವಳ ಸಂಬಳವನ್ನೇ ನೆಚ್ಚಿಕೊಂಡಾದ ಮೇಲೆ, ಆ ಸಂಬಳವಿಲ್ಲದೆ ಕಳೆಯಬೇಕಾದ ವರ್ಷಗಳು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ಸೇವೆಯಲ್ಲಿರುವ ದಾದಿಯರಿಗಾಗಿಯೇ ಇದೇ ಪದವಿಯನ್ನು ಮೂರು ವರ್ಷದ ದೂರಶಿಕ್ಷಣವಾಗಿ ಏರ್ಪಡಿಸಿದುದು, ನನ್ನ ತಿಳಿವಳಿಕೆಯಲ್ಲಿ, ಈ ಕ್ಷೇತ್ರದಲ್ಲಿ ನಡೆದ ಅತ್ಯಂತ ಮಾನವೀಯವಾದ ಕಾರ್ಯಗಳಲ್ಲೊಂದು. ದುಡಿಯುತ್ತಲೇ ಓದುವ ಇಂಥ ದಾರಿಗಳು ಹತ್ತಾಗಬೇಕಾಗಿತ್ತು.

ಮಂಗಳೂರು ಉಡುಪಿಗಳ ಸೀಮೆಯಲ್ಲಿ ಸಂಚರಿಸಿದವರು ಬಲ್ಲರು: ಅಲ್ಲಿನ ಎಷ್ಟೋ ಮನೆಗಳ ಹೊಸ ಮಾಡು, ಎಷ್ಟೋ ತಮ್ಮಂದಿರ ಇಂಜಿನಿಯರಿಂಗ್ ವಿದ್ಯೆ, ಎಷ್ಟೋ ತಂಗಿಯರ ಮದುವೆ ಕುವೈತ್, ಮಸ್ಕತ್‌ಗಳ ಆಸ್ಪತ್ರೆಗಳಲ್ಲಿ ನಿದ್ದೆಗೆಟ್ಟ ಅಕ್ಕಂದಿರ ಗಳಿಕೆಯಿಂದ ಆದವು. ಆ ಅಕ್ಕಂದಿರನ್ನು ತ್ಯಾಗಮೂರ್ತಿಗಳೆಂದು ಹೊಗಳುವ ಸಂಪ್ರದಾಯ ನಮ್ಮಲ್ಲಿ ಬಲವಾಗಿದೆ. ಆ ಹೊಗಳಿಕೆಯಿಂದ ನನಗೆ ಸಂತೋಷವಾಗುವುದಿಲ್ಲ. ಮನೆಯವರಿಗಾಗಿ ದುಡಿಯುವವಳಿಗೂ ತನ್ನದೆಂಬ ಜ್ಞಾನದಾಹ ಇರುತ್ತದೆ. ನಡುರಾತ್ರಿಯ ಮೂರು ಗಂಟೆಗೆ, ಡ್ರಿಪ್ ಬಾಟಲಿಗಳನ್ನೆಲ್ಲ ನೋಡಿಬಂದು, ದೀಪದ ಬೆಳಕು ರೋಗಿಗಳ ಮುಖಕ್ಕೆ ಬೀಳದಂತೆ ರಟ್ಟೊಂದನ್ನು ಅಡ್ಡವಿಟ್ಟು, ಕೇಸ್ ಶೀಟುಗಳ ಪಕ್ಕದಲ್ಲಿ ಶರೀರಶಾಸ್ತ್ರದ ಪುಸ್ತಕವನ್ನು ತೆರೆದುಕೊಂಡು ಕುಳಿತ ಸ್ಟಾಫ್ ನರ್ಸನ್ನು ನಾನು ಕಂಡಿದ್ದೇನೆ. ಅವಳಿಗೆ ಬೇಕಾದುದು ರಜೆ ಮತ್ತು ಸಂಬಳ.

ಸಂಬಳದ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಂತೆ 2016ರಲ್ಲಿ ರಚಿತವಾದ ಕೇಂದ್ರ ಸರ್ಕಾರದ ಸಮಿತಿಯು, ಐವತ್ತಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿಯೂ ದಾದಿಯ ಮಾಸಿಕ ವೇತನ 20,000 ರೂಪಾಯಿಗೆ ಕಡಿಮೆಯಿರಬಾರದೆಂದೂ, ಇನ್ನೂರಕ್ಕಿಂತ ಹೆಚ್ಚು ಹಾಸಿಗೆಗಳಿದ್ದಲ್ಲಿ ಸರ್ಕಾರಿ ದಾದಿಯರ ವೇತನಕ್ಕೆ ಸಮನಾಗಿರಬೇಕೆಂದೂ ಶಿಫಾರಸು ಮಾಡಿತು. ಆ ಮೊತ್ತವನ್ನು ಇಂದಿಗೂ ಕಾಣದ ದಾದಿಯರನ್ನು ನಾನು ಬಲ್ಲೆ. ಸಂಬಳದಲ್ಲಿ ಒಂದು ಕಾಸೂ ಉಳಿಯದವಳಿಗೆ ಮೇಲಿನ ಮೆಟ್ಟಿಲನ್ನು ತೋರಿಸಿ ಫಲವೇನು?

ನೋಟುಪುಸ್ತಕದ ಆ ಹುಡುಗಿಯ ಕಥೆಯನ್ನು ಅರ್ಧಕ್ಕೆ ಬಿಡಲಾಗದು. ಡಿಪ್ಲೊಮಾ ಮುಗಿಸಿ ಅವಳು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿದಳು. ಸಂಘದ ಸಾಲ ತೀರಿತು. ತಮ್ಮ ಡಿಪ್ಲೊಮಾ ಇಂಜಿನಿಯರಿಂಗಿಗೆ ಹೋದ. ನಾಲ್ಕನೆಯ ವರ್ಷದಲ್ಲಿ ಅವಳಿಗೆ ಪೋಸ್ಟ್ ಬೇಸಿಕ್ ಸೀಟು ಸಿಕ್ಕಿತು. ಆದರೆ ಕೆಲಸಕ್ಕೆ ಸೇರುವಾಗ ಒಪ್ಪಿಸಿದ್ದ ಮೂಲ ಅಂಕಪಟ್ಟಿಗಳನ್ನು ಆಸ್ಪತ್ರೆಯವರು ಒಪ್ಪಂದದ ನೆಪವೊಡ್ಡಿ ತಮ್ಮಲ್ಲೇ ಇಟ್ಟುಕೊಂಡರು; ಅವು ಕೈಸೇರುವಷ್ಟರಲ್ಲಿ ಪ್ರವೇಶದ ಗಡುವು ಕಳೆದಿತ್ತು. ಅವಳು ನನಗೆ ದೂರವಾಣಿಯಲ್ಲಿ ಹೇಳಿದುದು ಇಷ್ಟೇ: ‘ಮುಂದೆ ಓದಬಹುದು ಅಂದಿದ್ರಲ್ಲ ಮೇಡಂ.’ ಅದಕ್ಕೆ ಕೊಡಬಹುದಾದ ಉತ್ತರ ಅಂದು ನನ್ನಲ್ಲಿರಲಿಲ್ಲ.

ಆದುದರಿಂದ ಈ ಸಂಕಿರಣದ ನಿರ್ಣಯಗಳಲ್ಲಿ ಎರಡು ಮಾತುಗಳು ಸ್ಪಷ್ಟವಾಗಿ ಸೇರಬೇಕೆಂದು ಪ್ರಾರ್ಥಿಸುತ್ತೇನೆ: ಯಾವ ಆಸ್ಪತ್ರೆಯೂ ದಾದಿಯ ಮೂಲ ಪ್ರಮಾಣಪತ್ರಗಳನ್ನು ತನ್ನಲ್ಲಿ ಇರಿಸಿಕೊಳ್ಳಕೂಡದು, ಪದವಿ ವ್ಯಾಸಂಗಕ್ಕೆ ಹೋಗುವ ದಾದಿಯರಿಗೆ ಅರ್ಧ ವೇತನದ ರಜೆಯನ್ನಾದರೂ ಕೊಡಬೇಕು. ಹಿಂದಿನ ಸಾಲಿನಲ್ಲಿ, ರಾತ್ರಿ ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದು ಕುಳಿತಿರುವ ಆರು ಮಂದಿ ಸೋದರಿಯರು ಕಾಣುತ್ತಿದ್ದಾರೆ. ಅಧ್ಯಕ್ಷರು ದಯವಿಟ್ಟು ಪ್ರಬಂಧಗಳ ಮಂಡನೆಯನ್ನು ಅರ್ಧ ಗಂಟೆ ಮುಂದೂಡಿ, ಮೊದಲು ಅವರಿಗೆ ಮಾತನಾಡುವ ಅವಕಾಶ ಮಾಡಿಕೊಡಬೇಕು. ಮಧ್ಯಾಹ್ನ ಅವರು ಮನೆಗೆ ಹೋಗಿ ಮಲಗಬೇಕಾಗಿದೆ.