ಅಕ್ಷರಕ್ಕೂ ಒಂದು ಲೆಕ್ಕವಿದೆ

(ಸುವರ್ಣ ಮಹೋತ್ಸವದ ಅಂಗವಾಗಿ ಎಂಟನೆಯ ತರಗತಿಯ ಮಕ್ಕಳು ಹಾಗೂ ಪೋಷಕರಿಗಾಗಿ ಹಳೆಯ ವಿದ್ಯಾರ್ಥಿಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ಶಾಲೆಗೆ ಐವತ್ತು ತುಂಬಿದ ಈ ಸಂಭ್ರಮದಲ್ಲಿ ಲೆಕ್ಕದ ಮಾತು ಏಕೆ ಎಂದು ನಿಮಗೆ ಅನ್ನಿಸಬಹುದು. ಕಾರಣವಿದೆ. ಕೇಂದ್ರ ಸರ್ಕಾರ 2008ರಲ್ಲಿ ಆರಂಭಿಸಿದ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ನಮ್ಮಂಥ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗಾಗಿಯೇ ಇದೆ. ಎಂಟನೆಯ ತರಗತಿಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ಒಟ್ಟು 48,000 ರೂಪಾಯಿ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ. ಹತ್ತನೆಯ ತರಗತಿ ಮುಗಿದ ಮೇಲೆ ಮಗಳನ್ನು ಪೇಟೆಯ ಕಾಲೇಜಿಗೆ ಕಳಿಸುವುದೋ ಬೇಡವೋ ಎಂದು ಯೋಚಿಸುವ ಮನೆಗೆ ಇದು ಸಣ್ಣ ಮೊತ್ತವಲ್ಲ.

ಈ ಪರೀಕ್ಷೆಯಲ್ಲಿ ಎರಡು ಪತ್ರಿಕೆಗಳು. ಒಂದು ಪಾಠಗಳದ್ದು, ಅದನ್ನು ನಮ್ಮ ಶಿಕ್ಷಕರು ಕಲಿಸಿಯೇ ಇರುತ್ತಾರೆ. ಇನ್ನೊಂದು ಬೌದ್ಧಿಕ ಸಾಮರ್ಥ್ಯದ್ದು: 90 ಪ್ರಶ್ನೆ, 90 ನಿಮಿಷ. ಅಂದರೆ ಪ್ರಶ್ನೆಗೊಂದೇ ನಿಮಿಷ. ಇಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಅಂಕಿ ಬೆರೆತ ಸರಣಿಗಳು ಬರುತ್ತವೆ. ಕನ್ನಡ ಮಾಧ್ಯಮದ ಮಕ್ಕಳು ಅಕ್ಷರ ಕಂಡ ಕೂಡಲೇ ‘ಇದು ಇಂಗ್ಲಿಷ್’ ಎಂದು ಬಿಟ್ಟು ಮುಂದೆ ಹೋಗುತ್ತಾರೆ. ಮಕ್ಕಳೇ, ಅದು ಇಂಗ್ಲಿಷ್ ಅಲ್ಲ. ಅಲ್ಲಿ ಪದವಿಲ್ಲ, ಅರ್ಥವಿಲ್ಲ, ಸ್ಪೆಲ್ಲಿಂಗ್ ಇಲ್ಲ. ಸಾಲಿನಲ್ಲಿ ನಿಂತ 26 ಮಂದಿ, ಅಷ್ಟೆ. ಯಾರು ಎಷ್ಟನೆಯವರು ಎಂಬುದು ಗೊತ್ತಿದ್ದರೆ ಸಾಕು.

ಅದಕ್ಕೆ ಐದು ಮೈಲಿಗಲ್ಲು ನೆನಪಿಡಿ. ಇ 5, ಜೆ 10, ಓ 15, ಟಿ 20, ವೈ 25. ಸೇರಿಸಿ ‘ಇಜೋಟಿ’ ಎಂದು ಬಾಯಿಪಾಠ ಮಾಡಿ. ಆರ್ ಎಷ್ಟನೆಯದು? ಓ 15, ಅಲ್ಲಿಂದ ಮೂರು ಹೆಜ್ಜೆ, 18. ಎ ಇಂದ ಎಣಿಸುತ್ತ ಕೂರುವ ಅಗತ್ಯವಿಲ್ಲ.

ಅಕ್ಷರಕ್ಕೆ ಅಂಕಿ ಕಟ್ಟುವುದು ನಮಗೆ ಹೊಸದೇನಲ್ಲ. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಹೆಸರಿನಲ್ಲಿ ಕಟಪಯಾದಿ ಕ್ರಮವಿದೆ. ಮಾಯಾಮಾಳವಗೌಳದ ಮೊದಲೆರಡು ಅಕ್ಷರ ಮಾ, ಯಾ. ಪ ವರ್ಗದಲ್ಲಿ ಮ ಐದನೆಯದು, ಯ ತನ್ನ ಸಾಲಿನಲ್ಲಿ ಒಂದನೆಯದು. 51 ಅನ್ನು ತಿರುಗಿಸಿದರೆ 15. ಅದು ಹದಿನೈದನೆಯ ಮೇಳ!

ಈಗ ಸರಣಿಗೆ ಬರೋಣ. ಬೆರೆತ ಸರಣಿ ಎಂದರೆ ನೊಗಕ್ಕೆ ಕಟ್ಟಿದ ಜೋಡಿ ಎತ್ತು. ಮೊದಲು ನೊಗ ಬಿಚ್ಚಿ, ಒಂದೊಂದರ ನಡಿಗೆ ಬೇರೆಬೇರೆ ನೋಡಿ, ಆಮೇಲೆ ಮತ್ತೆ ಕಟ್ಟಿ.

ಬಿ3, ಡಿ6, ಜಿ11, ಕೆ18, ಮುಂದೇನು? ಅಕ್ಷರಗಳ ಸ್ಥಾನ 2, 4, 7, 11. ಅಂತರ 2, 3, 4, ಮುಂದಿನದು 5. ಆದ್ದರಿಂದ 16, ಅಂದರೆ ಪಿ. ಅಂಕಿಗಳು 3, 6, 11, 18. ಅಂತರ 3, 5, 7, ಮುಂದಿನದು 9. ಆದ್ದರಿಂದ 27. ಉತ್ತರ ಪಿ27.

ಕೆಲವೊಮ್ಮೆ ಎತ್ತುಗಳೆರಡೂ ಒಂದನ್ನೊಂದು ನೋಡಿಕೊಂಡೇ ನಡೆಯುತ್ತವೆ. ಸಿ9, ಇ25, ಜಿ49. ಸಿ ಮೂರನೆಯದು, ಮೂರರ ವರ್ಗ 9. ಇ ಐದನೆಯದು, ವರ್ಗ 25. ಜಿ ಏಳನೆಯದು, ವರ್ಗ 49. ಹಾಗಾದರೆ ಮುಂದೆ ಒಂಬತ್ತನೆಯ ಅಕ್ಷರ ಐ, ಅದರ ವರ್ಗ 81. ಉತ್ತರ ಐ81.

ಇನ್ನು ಕೆಲವು ಕೊನೆ ಮುಟ್ಟಿ ಮತ್ತೆ ಮೊದಲಿಗೆ ಬರುತ್ತವೆ. ಆರ್10, ಯು20, ಎಕ್ಸ್40. ಸ್ಥಾನ 18, 21, 24, ಮುಂದಿನದು 27. ಇರುವುದೇ 26 ಅಕ್ಷರ. 26 ಕಳೆಯಿರಿ, ಉಳಿದದ್ದು 1, ಅಂದರೆ ಎ. ಅಂಕಿ ಪ್ರತಿ ಬಾರಿ ಇಮ್ಮಡಿ. ಉತ್ತರ ಎ80. ಗಡಿಯಾರದಲ್ಲಿ ಹನ್ನೆರಡಾದ ಮೇಲೆ ಒಂದು ಬಂದ ಹಾಗೆ.

ಹಿಂದುಮುಂದಾಗಿ ನಡೆಯುವವೂ ಇವೆ. ಎ1ಝಡ್, ಬಿ4ವೈ, ಸಿ9ಎಕ್ಸ್. ಮೊದಲನೆಯದು ಮುಂದಕ್ಕೆ, ಕೊನೆಯದು ಹಿಂದಕ್ಕೆ, ನಡುವೆ ವರ್ಗಸಂಖ್ಯೆ. ಉತ್ತರ ಡಿ16ಡಬ್ಲ್ಯೂ. ಸರಿಯೇ ಎಂದು ನೋಡಲು ಒಂದು ಉಪಾಯ: ಹೀಗೆ ಎದುರುಬದುರಾದ ಅಕ್ಷರಗಳ ಸ್ಥಾನ ಕೂಡಿದರೆ ಯಾವಾಗಲೂ 27. ಡಿ 4, ಡಬ್ಲ್ಯೂ 23. ತಾಳೆಯಾಯಿತು.

ಇನ್ನೊಂದು ಮಾತು. ಸುಲಭವಾಗಿ ಕಾಣುವ ನಡಿಗೆಯನ್ನು ಮೊದಲು ಹಿಡಿಯಿರಿ. ಕೊಟ್ಟ ನಾಲ್ಕು ಆಯ್ಕೆಗಳಲ್ಲಿ ಅದಕ್ಕೆ ಹೊಂದದವನ್ನು ಅಲ್ಲೇ ಹೊಡೆದುಹಾಕಿ. ಎಷ್ಟೋ ಸಲ ಒಂದೇ ಉಳಿಯುತ್ತದೆ. ಆದರೆ ಎರಡು ಪದ ನೋಡಿ ನಿಯಮ ಗೊತ್ತಾಯಿತು ಎನ್ನಬೇಡಿ. 2, 4 ಆದ ಮೇಲೆ 6 ಬರಬಹುದು, 8 ಬರಬಹುದು, 7 ಕೂಡ ಬರಬಹುದು. ಕೊಟ್ಟಿರುವ ಎಲ್ಲ ಪದಗಳೂ ಒಪ್ಪಿದರೆ ಮಾತ್ರ ಅದು ನಿಯಮ. ನಿಮಿಷ ಕಳೆದರೂ ಹೊಳೆಯದಿದ್ದರೆ ಗುರುತು ಹಾಕಿ ಮುಂದೆ ಹೋಗಿ, ಕೊನೆಗೆ ಬನ್ನಿ.

ಇನ್ನು ದೊಡ್ಡವರಿಗೆ ಮೂರು ಕೋರಿಕೆ. ಪೋಷಕರೇ, ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರದ ಮಕ್ಕಳಿಗೆ ಈ ಅವಕಾಶ. ಆದಾಯ ಪ್ರಮಾಣಪತ್ರಕ್ಕೆ ಕೊನೆಯ ದಿನದವರೆಗೆ ಕಾಯದೆ ಮೊದಲೇ ನಾಡಕಚೇರಿಗೆ ಹೋಗಿ ಬನ್ನಿ. ಮಗುವಿನ ಹೆಸರಿನಲ್ಲಿ ಬ್ಯಾಂಕ್ ಖಾತೆಯನ್ನೂ ತೆರೆಸಿ. ಗುರುಗಳೇ, ಏಳನೆಯ ತರಗತಿಯಲ್ಲಿ ಶೇಕಡ 55 ಅಂಕ ಬೇಕು, ಪರಿಶಿಷ್ಟರಿಗೆ ಶೇಕಡ 50. ಆದ್ದರಿಂದ ಪಕ್ಕದ ಪ್ರಾಥಮಿಕ ಶಾಲೆಗಳಿಗೂ ಈ ಸುದ್ದಿ ಒಂದು ವರ್ಷ ಮೊದಲೇ ಮುಟ್ಟಲಿ. ಹಳೆಯ ವಿದ್ಯಾರ್ಥಿಗಳೇ, ಈ ಶಾಲೆಗೆ ಗೇಟು ಕಟ್ಟಿಸಿದ್ದೇವೆ, ಬಣ್ಣ ಹೊಡೆಸಿದ್ದೇವೆ. ಅದರ ಜೊತೆಗೆ ಹಳೆಯ ಪ್ರಶ್ನೆಪತ್ರಿಕೆಗಳ ಒಂದು ಕಟ್ಟು ಗ್ರಂಥಾಲಯದಲ್ಲಿರಲಿ. ಊರಿಗೆ ಬಂದ ಭಾನುವಾರ ಒಂದು ಗಂಟೆ ಮಕ್ಕಳೊಡನೆ ಕುಳಿತು ಹತ್ತು ಸರಣಿ ಬಿಡಿಸಿ.

ಇಲ್ಲಿ ಕಲಿತದ್ದು ಇಲ್ಲಿಗೇ ಮುಗಿಯುವುದಿಲ್ಲ. ಮುಂದೆ ಬ್ಯಾಂಕು, ರೈಲ್ವೆ ನೇಮಕಾತಿಯ ಪರೀಕ್ಷೆಗಳಲ್ಲೂ ಇವೇ ಸರಣಿಗಳು ಎದುರಾಗುತ್ತವೆ. ಎಂಟನೆಯ ತರಗತಿಯಲ್ಲಿ ಭಯ ಬಿಟ್ಟವರಿಗೆ ಅಲ್ಲಿ ಭಯವಿರುವುದಿಲ್ಲ.

ಮಕ್ಕಳೇ, ಮನೆಗೆ ಹೋಗುವಾಗ ಇದನ್ನು ಒಯ್ಯಿರಿ: ಡಿ5, ಎಚ್10, ಎಲ್20, ಪಿ40, ಮುಂದೇನು? ಉತ್ತರವನ್ನು ನಾಳೆ ನಿಮ್ಮ ಗಣಿತ ಶಿಕ್ಷಕರಿಗೆ ಹೇಳಿ. ಹೇಗೆ ಬಂತು ಎಂಬುದನ್ನೂ ಹೇಳಿ.