ಪ್ರಾಯಪ್ರವೇಶ, ವಿವಾಹ, ಆರೋಗ್ಯ



ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಬಿಡಿಸಲಾಗದ ತೊಡಕೊಂದನ್ನು ಕಂಡು ನಗುವುದಕ್ಕೆ ಹುಟ್ಟಿದ ಮಾತು ಅದು. ಆದರೆ ಅದರ ಉತ್ತರಾರ್ಧವನ್ನು ನಗೆಯೆಂದು ಬಗೆಯದೆ, ಚಿಕಿತ್ಸೆಯೆಂದೇ ನಂಬಿ ನಡೆಯುವವರು ವಿದ್ಯಾವಂತ ಕುಟುಂಬಗಳಲ್ಲಿಯೂ ಇದ್ದಾರೆ. ಹುಡುಗನು ಹೇಳಿದ ಮಾತು ಕೇಳುವುದಿಲ್ಲವೆ? ಒಂದು ಗಂಟು ಹಾಕಿಬಿಡಿ, ಜವಾಬ್ದಾರಿ ತಾನಾಗಿ ಬರುತ್ತದೆ. ಹುಡುಗಿಗೆ ತಿಂಗಳು ತಿಂಗಳೂ ಹೊಟ್ಟೆನೋವೆ? ಮದುವೆಯಾದರೆ ಹೋಗುತ್ತದೆ. ಮೂರ್ಛೆಯೆ, ಮಂಕೆ? ಅದಕ್ಕೂ ಅದೇ ಮದ್ದು. ಪಂಡಿತರು ಒಂದೊಂದು ರೋಗಕ್ಕೆ ಒಂದೊಂದು ಕಷಾಯವನ್ನು ಹೇಳಿದರೆ, ನೆಂಟರು ಎಲ್ಲ ರೋಗಕ್ಕೂ ಒಂದೇ ಕಷಾಯವನ್ನು ಹೇಳುವರು.

ವಿವಾಹಕ್ಕೂ ದೇಹಾರೋಗ್ಯಕ್ಕೂ ಸಂಬಂಧವುಂಟೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅದು ರೋಗಕ್ಕೂ ಔಷಧಕ್ಕೂ ಇರುವಂಥ ಸಂಬಂಧವಲ್ಲ. ಬೆಳೆದ ದೇಹಕ್ಕೆ ವಿವಾಹವು ಆಸರೆಯಾಗಬಲ್ಲುದು; ಬೆಳೆಯುತ್ತಿರುವ ದೇಹಕ್ಕೆ ಹೊರೆಯಾಗುವುದು. ಹಾಗಾದರೆ ಬೆಳವಣಿಗೆ ಮುಗಿಯುವುದು ಎಂದಿಗೆ ಎಂಬ ಪ್ರಶ್ನೆ ಏಳುತ್ತದೆ.

ಹೆಣ್ಣುಮಗು ಋತುಮತಿಯಾದಾಗ ನಾವು ‘ದೊಡ್ಡವಳಾದಳು’ ಎನ್ನುತ್ತೇವೆ. ‘ಮೈನೆರೆದಳು’ ಎಂದೂ ಹೇಳುವುದುಂಟು. ನೆರೆಯುವುದೆಂದರೆ ತುಂಬಿ ಪೂರ್ಣವಾಗುವುದು. ಹಸೆಯ ಮೇಲೆ ಕೂರಿಸಿ, ಆರತಿ ಎತ್ತಿ, ಚಿಗಳಿ ತಂಬಿಟ್ಟುಗಳನ್ನು ತಿನ್ನಿಸುವ ಸಂಭ್ರಮದಲ್ಲಿ ದೋಷವೇನೂ ಇಲ್ಲ. ಆ ವಯಸ್ಸಿನ ಮಗುವಿಗೆ ಪುಷ್ಟಿಕರವಾದ ಆಹಾರ ಬೇಕೆಂಬುದನ್ನು ನಮ್ಮ ಅಜ್ಜಿಯರು ಸರಿಯಾಗಿಯೇ ಕಂಡಿದ್ದರು. ದೋಷವಿರುವುದು ಆ ಪದದಲ್ಲಿ. ಅಂದು ದೊಡ್ಡವಳಾಗುವುದು ಮೊದಲಾಯಿತು ಎನ್ನಬೇಕಾದಲ್ಲಿ, ಆಗಿಹೋಯಿತು ಎಂದುಬಿಡುತ್ತೇವೆ.

ದೇಹದೊಳಗೆ ನಡೆಯುವುದನ್ನು ನೋಡೋಣ. ತಲೆಬುರುಡೆಯ ತಳದಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಿಂದ ಹೊರಟ ರಸಗಳು ಅಂಡಾಶಯವನ್ನು ಎಚ್ಚರಿಸುವುವು. ಮೊದಲ ಒಂದೆರಡು ವರ್ಷ ಈ ಎಚ್ಚರಿಕೆ ಕ್ರಮಬದ್ಧವಾಗಿರದು. ಅನೇಕ ತಿಂಗಳು ಅಂಡವೇ ಬಿಡುಗಡೆಯಾಗದು. ಸ್ರಾವವು ಕೆಲವೊಮ್ಮೆ ತಡವಾಗಿಯೂ ಕೆಲವೊಮ್ಮೆ ಬೇಗನೆಯೂ ಬರುವುದು. ಇದು ಬಹುಮಟ್ಟಿಗೆ ರೋಗವಲ್ಲ, ಕಾಲಕ್ರಮದಲ್ಲಿ ತಾನಾಗಿ ನೇರ್ಪಡುವುದು. ಈ ನಡುವೆ ಯಾರಾದರೂ ಆ ಬಾಲಿಕೆಗೆ ಮದುವೆ ಮಾಡಿದ್ದರೆ, ಗುಣಪಡಿಸಿದ ಕೀರ್ತಿ ಮದುವೆಗೆ ಹೋಗುವುದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ.

ಎಲುಬುಗಳ ಮಾತು ಇನ್ನೂ ಮುಖ್ಯವಾದುದು. ಋತುಮತಿಯಾದ ಮೇಲೆ ಸುಮಾರು ಎರಡು ವರ್ಷಗಳಲ್ಲಿ ಹುಡುಗಿಯ ಎತ್ತರ ಬಹುತೇಕ ನಿಂತುಹೋಗುವುದು. ತಾಯಂದಿರು ‘ನನ್ನಷ್ಟೇ ಎತ್ತರ ಆದಳು’ ಎಂದು ಹೇಳುವ ಕಾಲ ಅದು. ಆದರೆ ಎತ್ತರ ನಿಂತ ಮೇಲೂ ಸೊಂಟದ ಎಲುಬುಗೂಡು ಅಗಲವಾಗುತ್ತಲೇ ಇರುವುದು. ಸೊಂಟದ ಒಂದೊಂದು ಪಾರ್ಶ್ವದ ಎಲುಬೂ ಬಾಲ್ಯದಲ್ಲಿ ಒಂದು ಎಲುಬಲ್ಲ, ಮೂರು, ನಡುವೆ ಮೃದ್ವಸ್ಥಿಯಿರುವುದು. ಆ ಮೂರೂ ಬೆಸೆದುಕೊಳ್ಳುವುದು ಹದಿನಾಲ್ಕು ಹದಿನಾರರ ಸುಮಾರಿಗೆ. ಮೇಲಂಚು ಪೂರ್ತಿಯಾಗಿ ಕೂಡುವುದು ಇಪ್ಪತ್ತರ ಆಚೆಗೆ. ಶಿಶುವಿನ ತಲೆ ಹೊರಬರಬೇಕಾದುದು ಈ ಎಲುಬುಗಳ ನಡುವಿನಿಂದ. ಹಾದಿ ಸಿದ್ಧವಾಗದ ದೇಹದಲ್ಲಿ ತಲೆ ಸಿಕ್ಕಿಕೊಂಡು, ಶಸ್ತ್ರವೈದ್ಯರ ನೆರವು ದೊರೆಯದೆ ಎರಡು ಮೂರು ದಿನ ಬೇನೆ ನಡೆದರೆ, ಮಗು ಉಳಿಯುವುದು ಅಪರೂಪ. ತಾಯಿ ಉಳಿದರೂ ಮೂತ್ರಕೋಶಕ್ಕೂ ಪ್ರಸವಮಾರ್ಗಕ್ಕೂ ನಡುವೆ ತೂತು ಬಿದ್ದು, ಹಗಲಿರುಳೂ ಮೂತ್ರ ಸೋರುವ ಸ್ಥಿತಿ ಒದಗಬಹುದು. ಅಂಥವಳನ್ನು ಮನೆಯವರು ದೂರವಿಟ್ಟ ಉದಾಹರಣೆಗಳಿಂದ ವೈದ್ಯಗ್ರಂಥಗಳು ತುಂಬಿವೆ. ಇಪ್ಪತ್ತು ದಾಟಿದವರಿಗಿಂತ ಹದಿಹರೆಯದ ತಾಯಂದಿರಲ್ಲಿ ಗರ್ಭಕಾಲದ ಸನ್ನಿಯೂ ಬಾಣಂತಿಯ ನಂಜೂ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಕ್ತದ ಸಂಗತಿ ಬೇರೆ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ೧೫ರಿಂದ ೧೯ ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ ೫೯ ಮಂದಿ ರಕ್ತಹೀನರು. ತನಗೇ ಸಾಲದ ಕಬ್ಬಿಣಾಂಶವನ್ನು ಅವಳು ಗರ್ಭದೊಡನೆ ಹಂಚಿಕೊಳ್ಳಬೇಕು.

ಗಂಡುಮಕ್ಕಳ ವಿಷಯದಲ್ಲಿ ಗಾದೆ ಸರಿಯಾಗಿದೆ. ಮೀಸೆ ಬಂದಾಗ ದೇಶ ಕಾಣದು. ಮುಂದಿನ ಫಲಾಫಲಗಳನ್ನು ತೂಗಿನೋಡುವ ಮಿದುಳಿನ ಮುಂಭಾಗ ಪಕ್ವವಾಗುವುದು ಇಪ್ಪತ್ತೈದರ ಸುಮಾರಿಗೆ.

ಇದು ಪಾಶ್ಚಾತ್ಯರು ತಂದ ಹೊಸ ವಿಚಾರವೆಂದು ಯಾರೂ ತಿಳಿಯಬಾರದು. ಹದಿನಾರು ತುಂಬದ ಹೆಣ್ಣಿಗೆ ಇಪ್ಪತ್ತೈದು ತುಂಬದ ಗಂಡಿನಿಂದ ಗರ್ಭ ನಿಂತರೆ ಅದು ಒಳಗೇ ನಾಶವಾಗುವುದು, ಹುಟ್ಟಿದರೂ ಅಲ್ಪಾಯುವೋ ದುರ್ಬಲವೋ ಆಗುವುದು ಎಂಬ ಅಭಿಪ್ರಾಯ ಸುಶ್ರುತಸಂಹಿತೆಯ ಶಾರೀರಸ್ಥಾನದಲ್ಲಿಯೇ ಇದೆ. ನಮ್ಮ ಹಿರಿಯರು ಮದುವೆಯೇ ಬೇರೆ, ಪ್ರಸ್ತವೇ ಬೇರೆ ಎಂದು ಇಟ್ಟುಕೊಂಡಿದ್ದರು. ಆದರೆ ‘ದೊಡ್ಡವಳಾದಳು’ ಎಂಬ ಸುದ್ದಿ ಬಂದೊಡನೆ ಪ್ರಸ್ತಕ್ಕೆ ದಿನ ನೋಡುತ್ತಿದ್ದುದರಿಂದ, ಆ ಅಂತರ ಕಾಪಾಡಬೇಕಾದ ಎಳೆಯ ಪ್ರಾಯವನ್ನು ಕಾಪಾಡಲಿಲ್ಲ. ೧೮೯೦ರಲ್ಲಿ ಬಂಗಾಳದ ಫೂಲ್‌ಮಣಿ ದಾಸಿ ಎಂಬ ಹತ್ತು ಹನ್ನೊಂದರ ಬಾಲಿಕೆ ಪತಿಗೃಹದಲ್ಲಿ ಮಡಿದಳು. ಪತಿಯ ವಯಸ್ಸು ಮೂವತ್ತು ಮೀರಿತ್ತು. ಅಂದಿನ ಕಾನೂನು ಹತ್ತು ತುಂಬಿದ ಪತ್ನಿಗೆ ರಕ್ಷಣೆ ಕೊಟ್ಟಿರಲಿಲ್ಲ. ೧೮೯೧ರಲ್ಲಿ ಆ ಮೇರೆಯನ್ನು ಹನ್ನೆರಡಕ್ಕೆ ಏರಿಸಿದಾಗ ಎದ್ದ ಗದ್ದಲವನ್ನು ಈಗ ಓದಿದರೆ ನಾಚಿಕೆಯಾಗುವುದು.

ಮೈಸೂರು ಸಂಸ್ಥಾನವು ಬ್ರಿಟಿಷ್ ಇಂಡಿಯಾಕ್ಕಿಂತ ಮುಂದೆ ಹೋಯಿತು. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, ೧೮೯೪ರಲ್ಲಿ, ಎಂಟು ತುಂಬದ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ಮೀರಿದ ಪುರುಷನು ಹದಿನಾಲ್ಕು ತುಂಬದವಳನ್ನು ವರಿಸುವುದನ್ನೂ ನಿಷೇಧಿಸಿತು. ಎಂಟು ಎಂಬ ಅಂಕಿ ಇಂದು ನಮಗೆ ಅಲ್ಪವೆಂದು ತೋರುವುದು, ನಿಜ. ಆದರೂ ಮದುವೆಗೇ ವಯಸ್ಸನ್ನು ಗೊತ್ತುಮಾಡುವ ಶಾರದಾ ಶಾಸನ ದೇಶಕ್ಕೆ ಬಂದುದು ೧೯೨೯ರಲ್ಲಿ. ಅದು ಹೆಣ್ಣಿಗೆ ಇಟ್ಟ ೧೪ ಎಂಬ ಮೇರೆ ೧೯೪೯ರಲ್ಲಿ ೧೫ ಆಗಿ, ೧೯೭೮ರಲ್ಲಿ ೧೮ಕ್ಕೆ ಏರಿತು, ಗಂಡಿಗೆ ೨೧. ಆದರೂ ೨೦೧೯–೨೧ರ ಆ ಸಮೀಕ್ಷೆಯಲ್ಲಿ, ೨೦ರಿಂದ ೨೪ ವಯಸ್ಸಿನ ಸ್ತ್ರೀಯರ ಪೈಕಿ ಹದಿನೆಂಟರೊಳಗೆ ಮದುವೆಯಾಗಿದ್ದವರು ಭಾರತದಲ್ಲಿ ನೂರಕ್ಕೆ ೨೩.೩, ಕರ್ನಾಟಕದಲ್ಲಿ ೨೧.೩. ಐವರಲ್ಲಿ ಒಬ್ಬಳು ಎಂದಾಯಿತು. ಕರ್ನಾಟಕವು ೨೦೧೭ರಲ್ಲಿ ತಂದ ತಿದ್ದುಪಡಿಯಂತೆ ಅಂಥ ಮದುವೆ ಈ ರಾಜ್ಯದಲ್ಲಿ ಮೊದಲಿನಿಂದಲೇ ಅಸಿಂಧು. ೧೦೯೮ ಎಂಬ ದೂರವಾಣಿ ಸಂಖ್ಯೆಗೆ ಯಾರು ಬೇಕಾದರೂ ತಿಳಿಸಬಹುದು. ನಮ್ಮ ಶ್ರೋತೃಗಳ ಮನೆಗಳಲ್ಲಿ ಇದರ ಅಗತ್ಯ ಬೀಳದಿರಬಹುದು. ಮನೆಗೆಲಸಕ್ಕೆ ಬರುವವಳ ಮಗಳ ವಿಷಯದಲ್ಲಿ ಬೀಳಬಹುದು.

ಇನ್ನು ವಿವಾಹವು ಆಯುಸ್ಸನ್ನು ಹೆಚ್ಚಿಸುವುದೆಂಬ ಮಾತು. ಇದಕ್ಕೆ ಆಧಾರವುಂಟು. ಇಂಗ್ಲೆಂಡಿನ ಜನನಮರಣಗಳ ಲೆಕ್ಕದ ಇಲಾಖೆಯಲ್ಲಿದ್ದ ವಿಲಿಯಂ ಫಾರ್ ಎಂಬಾತನು ೧೮೫೮ರಲ್ಲಿ ಫ್ರಾನ್ಸ್ ದೇಶದ ಮರಣಸಂಖ್ಯೆಯನ್ನು ಅವಿವಾಹಿತರು, ವಿವಾಹಿತರು, ಸಂಗಾತಿಯನ್ನು ಕಳೆದುಕೊಂಡವರು ಎಂದು ವಿಂಗಡಿಸಿ ನೋಡಿದನು. ಒಟ್ಟಿನ ಮೇಲೆ ವಿವಾಹಿತರಲ್ಲಿ ಸಾವು ಕಡಿಮೆಯಿತ್ತು. ಆದರೆ ಇಪ್ಪತ್ತರೊಳಗಿನ ವಿವಾಹಿತರ ಸಾಲಿನಲ್ಲಿ ಲೆಕ್ಕ ತಲೆಕೆಳಗಾಯಿತು; ಅಲ್ಲಿ ಸಾವು ಅವಿವಾಹಿತರಿಗಿಂತ ಹೆಚ್ಚು. ಮುಂದೆ ೧೮೯೭ರಲ್ಲಿ ಎಮಿಲ್ ಡರ್ಕ್‌ಹೈಮ್ ಆತ್ಮಹತ್ಯೆಗಳನ್ನು ಕುರಿತು ಬರೆದಾಗಲೂ, ತೀರ ಎಳೆಯದರಲ್ಲಿ ಮದುವೆಯಾದ ಗಂಡಸರಲ್ಲಿ ಅಪಾಯ ಹೆಚ್ಚಿರುವುದನ್ನು ಕಂಡನು. ಪ್ರಾಯಸ್ಥರ ಲೆಕ್ಕವನ್ನೂ ನಾವು ಎಚ್ಚರಿಕೆಯಿಂದ ಓದಬೇಕು. ಆರೋಗ್ಯವಂತರಿಗೆ ಸಂಬಂಧ ಸುಲಭವಾಗಿ ಕುದುರುವುದು, ರೋಗಿಗಳಿಗೆ ಕುದುರದು. ಆದ್ದರಿಂದ ವಿವಾಹಿತರ ಗುಂಪಿನಲ್ಲಿ ಗಟ್ಟಿಮುಟ್ಟಾದವರು ಮೊದಲೇ ಹೆಚ್ಚಾಗಿರುವರು. ಹೊತ್ತಿಗೆ ಊಟ, ಕಾಯಿಲೆಯಲ್ಲಿ ಕೇಳುವವರು, ದುಶ್ಚಟಕ್ಕೆ ತಡೆ ಎಂಬಿವುಗಳ ಫಲ ಉಳಿದ ಪಾಲು. ಈ ಆರೈಕೆ ಮಾಡುವವರು ಯಾರು, ಪಡೆಯುವವರು ಯಾರು ಎಂದು ನಮ್ಮ ಗೃಹಿಣಿಯರನ್ನು ಕೇಳಿದರೆ ಉತ್ತರ ತಿಳಿಯುವುದು.

ವಿವಾಹವು ಎಲ್ಲ ಅಂಗಗಳಿಗೂ ಒಂದೇ ಬಗೆಯ ಫಲ ಕೊಡುವುದೂ ಇಲ್ಲ. ಇಟಲಿಯ ರಾಮಜ್ಜೀನಿ ಎಂಬ ವೈದ್ಯನು ಹದಿನೆಂಟನೆಯ ಶತಮಾನದ ಆರಂಭದಲ್ಲಿಯೇ ಕ್ರೈಸ್ತ ಸಂನ್ಯಾಸಿನಿಯರಲ್ಲಿ ಸ್ತನದ ಕ್ಯಾನ್ಸರ್ ಹೆಚ್ಚೆಂದು ಗುರುತಿಸಿದ್ದನು. ೧೮೪೨ರಲ್ಲಿ ವೆರೋನಾ ನಗರದ ಮರಣದಾಖಲೆಗಳನ್ನು ಶೋಧಿಸಿದ ರಿಗೋನಿ ಸ್ಟೆರ್ನ್, ಗರ್ಭಕೋಶದ ಕ್ಯಾನ್ಸರ್ ಅದೇ ಸಂನ್ಯಾಸಿನಿಯರಲ್ಲಿ ಅತಿ ವಿರಳವೆಂದು ತೋರಿಸಿದನು. ಹೆರಿಗೆ ಮತ್ತು ಮೊಲೆಯೂಡುವಿಕೆ ಸ್ತನವನ್ನು ಸ್ವಲ್ಪಮಟ್ಟಿಗೆ ಕಾಯುವುವು. ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಕಾರಣವಾದ ವೈರಸ್ಸು ದೇಹಸಂಪರ್ಕದಿಂದ ಹರಡುವುದು. ಎಳೆಯ ಪ್ರಾಯದ ಸಂಪರ್ಕ ಮತ್ತು ಪ್ರಸವದಿಂದ ಆ ಅಪಾಯ ಹೆಚ್ಚುವುದು. ಈಗ ಅದಕ್ಕೆ ಲಸಿಕೆ ಇದೆ. ೯ರಿಂದ ೧೪ರೊಳಗೆ ಹಾಕಿಸುವುದು ಉತ್ತಮ.

ಕಡೆಯದಾಗಿ ಮೂರ್ಛೆರೋಗ. ಮದುವೆಯಿಂದ ಹೋಗುವುದೆಂದು ಜನ ನಂಬಿರುವ ರೋಗಗಳಲ್ಲಿ ಇದೇ ಮೊದಲನೆಯದು. ಇದು ಮಿದುಳಿನ ವಿದ್ಯುತ್ ವ್ಯಾಪಾರದ ಏರುಪೇರು. ಮಾಂಗಲ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಕ್ರಮವಾಗಿ ಔಷಧ ತೆಗೆದುಕೊಂಡರೆ ಬಹುಮಂದಿಗೆ ಹತೋಟಿಗೆ ಬರುವುದು, ಅವರು ಸಂಸಾರವನ್ನೂ ಸುಖವಾಗಿ ನಡೆಸಬಲ್ಲರು. ೧೯೭೬ರಲ್ಲಿ ಹಿಂದೂ ವಿವಾಹ ಶಾಸನದಲ್ಲಿ ಸೇರಿದ್ದ ಅಪಸ್ಮಾರದ ಅಡ್ಡಿಯನ್ನು ೧೯೯೯ರಲ್ಲಿ ತೆಗೆದುಹಾಕಿದುದು ಈ ಕಾರಣದಿಂದಲೇ. ಆದರೆ ಹೆಣ್ಣಿನ ಕಡೆಯವರು ಬಚ್ಚಿಡುವರು. ಗಂಡನ ಮನೆಯಲ್ಲಿ ಎಲ್ಲರ ಕಣ್ಣೆದುರು ಮಾತ್ರೆ ನುಂಗಲಾರದೆ ಹುಡುಗಿ ಅದನ್ನು ನಿಲ್ಲಿಸುವಳು. ಮದುವೆಯ ಓಡಾಟ, ನಿದ್ದೆಗೇಡು, ಉಪವಾಸಗಳ ಮೇಲೆ ಔಷಧವೂ ತಪ್ಪಿದರೆ ಬಂದೇ ಬರುವುದು. ಒಲೆಯ ಮುಂದೆ ಬಂದರೆ ಪ್ರಾಣಕ್ಕೇ ಅಪಾಯ. ಈ ಮಾತ್ರೆಗಳಲ್ಲಿ ವಾಲ್ಪ್ರೋಯೇಟ್ ಎಂಬುದು ಗರ್ಭದ ಶಿಶುವಿಗೆ ಹಾನಿ ಮಾಡುವುದು. ಅದನ್ನು ಬದಲಾಯಿಸಲು ವೈದ್ಯರಿಗೆ ಕೆಲವು ತಿಂಗಳ ಕಾಲಾವಕಾಶ ಬೇಕು. ಆದಕಾರಣ ಈ ವಿಚಾರವನ್ನು ಎರಡು ಮನೆಯವರೂ ವೈದ್ಯರ ಮುಂದೆ ಕುಳಿತು ಮಾತಾಡಿಕೊಳ್ಳಬೇಕಾದುದು ಲಗ್ನಪತ್ರಿಕೆ ಬರೆಯುವುದಕ್ಕೆ ಮುಂಚೆ.