ಕವಚದ ಕಿಂಡಿ



ರೇಡಿಯೋವಿನ ಮುಂದೆ ಕುಳಿತು ಸಂಗೀತವನ್ನು ಆಲಿಸುತ್ತಿರುವಾಗ, ಅಡಿಗೆಮನೆಯಲ್ಲಿ ಮಿಕ್ಸಿ ತಿರುಗಿದೊಡನೆ ರಾಗವನ್ನು ಮುಸುಕುವಂತೆ ಚಟಪಟ ಸದ್ದು ಹೊರಡುವುದನ್ನು ನಾವೆಲ್ಲರೂ ಬಲ್ಲೆವು. ಗಾಯಕರು ತಪ್ಪಿದುದಲ್ಲ, ರೇಡಿಯೋ ಕೆಟ್ಟುದೂ ಅಲ್ಲ. ಮೋಟಾರಿನೊಳಗೆ ಹಾರುವ ಕಿಡಿಯು ತಾನೂ ಒಂದು ಪ್ರಸಾರ ಕೇಂದ್ರವಾಗಿ ಸುತ್ತಲೂ ತರಂಗಗಳನ್ನು ಚೆಲ್ಲುತ್ತದೆ. ಇದಕ್ಕೆ ವಿದ್ಯುತ್ಕಾಂತೀಯ ಅಡಚಣೆಯೆಂದು ಹೆಸರು.

ಸಂಗೀತ ಕೆಟ್ಟರೆ ಬೇಸರ ಮಾತ್ರ. ಆದರೆ ಈ ಉಪದ್ರವವು ಸದಾ ಅಷ್ಟಕ್ಕೇ ನಿಲ್ಲುವುದಿಲ್ಲ. 1990ರ ದಶಕದಲ್ಲಿ ಅಮೆರಿಕದಲ್ಲಿ, ವಿದ್ಯುತ್ತಿನಿಂದ ನಡೆಯುವ ಗಾಲಿಕುರ್ಚಿಗಳು ಸಮೀಪದ ರೇಡಿಯೋ ಪ್ರೇಷಕಗಳ ತರಂಗಗಳಿಗೆ ಸಿಕ್ಕಿ, ಕುಳಿತವರ ಇಚ್ಛೆಯಿಲ್ಲದೆ ತಾವಾಗಿ ಚಲಿಸಿದ ವರದಿಗಳು ಬಂದವು. 1994ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು, ಕುರ್ಚಿಗಳಿಗೆ ರಕ್ಷಣೆ ಒದಗಿಸಿ ಬಳಸುವವರಿಗೆ ಅಪಾಯವನ್ನು ತಿಳಿಸಬೇಕೆಂದು ತಯಾರಕರಿಗೆ ವಿಧಿಸಿತು. ನಡೆಯಲಾರದವನನ್ನು ಅವನ ಆಸನವೇ ಕೊಂಡೊಯ್ಯುವುದೆಂದರೆ ಅದು ವಿನೋದದ ಮಾತಲ್ಲ.

ಇದಕ್ಕೆ ಪರಿಹಾರದ ಮೂಲತತ್ತ್ವ ಹಳೆಯದು. 1836ರಲ್ಲಿ ಮೈಕೇಲ್ ಫ್ಯಾರಡೆಯು ಲೋಹದ ಹಾಳೆ ಹೊದಿಸಿದ ಒಂದು ಕೋಣೆಯನ್ನು ಕಟ್ಟಿಸಿ, ಹೊರಗಿನಿಂದ ಅದಕ್ಕೆ ಪ್ರಬಲವಾದ ವಿದ್ಯುತ್ತನ್ನು ತಾಗಿಸಿ, ತಾನು ಒಳಗೆ ನಿಂತು ಪರೀಕ್ಷಿಸಿದನು. ಒಳಗೆ ವಿದ್ಯುತ್ತಿನ ಸುಳಿವೇ ಇರಲಿಲ್ಲ. 1880ರಲ್ಲಿ ಆಲಿವರ್ ಹೆವಿಸೈಡನು, ನಡುವೆ ಒಂದು ತಂತಿ, ಅದರ ಸುತ್ತ ಕೊಳವೆಯಂತೆ ಇನ್ನೊಂದು ವಾಹಕ ಇರುವ ಕೇಬಲ್ಲಿಗೆ ಪೇಟೆಂಟು ಪಡೆದನು. ಇಂದು ಟೆಲಿವಿಷನ್ನಿಗೆ ಬರುವ ಕೇಬಲ್ಲನ್ನು ಕೊಯ್ದು ನೋಡಿದರೆ ನಡುವಿನ ತಂತಿಯ ಸುತ್ತ ಲೋಹದ ಜಾಲರಿ ಕಾಣುತ್ತದೆ. ಅದೇ ಅದರ ಕವಚ.

ಆದರೆ ಕೇಬಲ್ಲು ಎಲ್ಲಿಯಾದರೂ ಕೊನೆಗೊಳ್ಳಲೇಬೇಕು. ಕೊನೆಗೊಳ್ಳುವಲ್ಲಿ ಪ್ಲಗ್ಗು, ಸಾಕೆಟ್ಟು, ಅಂದರೆ ಕನೆಕ್ಟರು ಇರುತ್ತದೆ. ತೊಂದರೆ ಮೊದಲಾಗುವುದು ಅಲ್ಲಿಯೇ. ಚಿತ್ರದುರ್ಗದ ಕೋಟೆಗೆ ಏಳು ಸುತ್ತು ಗೋಡೆಗಳಿದ್ದರೂ ಶತ್ರುಗಳು ನುಸುಳಿದುದು ಒಂದು ಕಿಂಡಿಯಲ್ಲಿ ಎಂಬ ಕಥೆಯನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ಕೇಬಲ್ಲಿನ ಕೋಟೆಗೂ ಕನೆಕ್ಟರೇ ಕಿಂಡಿ.

ಅವಸರದ ಕೆಲಸಗಾರನು ಜಾಲರಿಯ ಎಳೆಗಳನ್ನು ಹುರಿಹೊಸೆದು, ಜಡೆಯಂತೆ ಮಾಡಿ, ಅದರ ತುದಿಯನ್ನು ಕನೆಕ್ಟರಿನ ಒಂದು ಕಡ್ಡಿಗೆ ಬೆಸುಗೆ ಹಾಕುತ್ತಾನೆ. ಮೀಟರಿಟ್ಟು ನೋಡಿದರೆ ಸಂಪರ್ಕ ಪರಿಪೂರ್ಣವೆಂದು ಮುಳ್ಳು ಸಾಕ್ಷಿ ನುಡಿಯುತ್ತದೆ. ಆ ಸಾಕ್ಷಿ ಸುಳ್ಳಲ್ಲ, ಆದರೆ ಪೂರ್ಣವೂ ಅಲ್ಲ. ತಂತಿಯ ಪ್ರತಿ ಸೆಂಟಿಮೀಟರಿಗೂ ಸುಮಾರು 10 ನ್ಯಾನೋಹೆನ್ರಿಯಷ್ಟು ಇಂಡಕ್ಟೆನ್ಸ್ ಉಂಟು. ಅಂದರೆ ಬೇಗಬೇಗನೆ ದಿಕ್ಕು ಬದಲಿಸುವ ಪ್ರವಾಹವನ್ನು ತಡೆಯುವ ಗುಣ. 5 ಸೆಂಟಿಮೀಟರ್ ಉದ್ದದ ಜಡೆಯು, ಮನೆಯ ದೀಪದ ವಿದ್ಯುತ್ತಿಗೆ, ಅಂದರೆ 50 ಹರ್ಟ್ಸಿಗೆ, ಒಡ್ಡುವ ಅಡ್ಡಿ ಒಂದು ಓಮಿನ ಲಕ್ಷದಲ್ಲಿ ಒಂದೆರಡು ಪಾಲು. ಅದೇ ಜಡೆ, ಎಫ್.ಎಂ. ಪ್ರಸಾರವು ನಡೆಯುವ 100 ಮೆಗಾಹರ್ಟ್ಸಿನಲ್ಲಿ ಒಡ್ಡುವ ಅಡ್ಡಿ ಸುಮಾರು 31 ಓಮ್. ಇದು ಮೊದಲಿನದರ 20 ಲಕ್ಷ ಪಟ್ಟು! ಕವಚದ ಮೇಲೆ ಹರಿಯುವ ಉಪದ್ರವದ ಪ್ರವಾಹವು ಈ ಅಡ್ಡಿಯನ್ನು ದಾಟುವಾಗ ಅಲ್ಲಿ ವೋಲ್ಟೇಜು ಹುಟ್ಟಿ, ಒಳಗಿನ ತಂತಿಯನ್ನು ಸೇರುತ್ತದೆ. ರಕ್ಷಿಸಬೇಕಾದ ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾಯಿತು.

ಕವಚದ ಯೋಗ್ಯತೆಯನ್ನು ಅಳೆಯುವ ಬಗೆಯೂ ಇದೇ ವಿಚಾರದಿಂದ ಬಂದುದು. ಹೊರಮೈಯಲ್ಲಿ ಇಷ್ಟು ಪ್ರವಾಹ ಹರಿದರೆ ಒಳಗೆ ಎಷ್ಟು ವೋಲ್ಟೇಜು ಕಾಣುತ್ತದೆ ಎಂಬ ಪ್ರಮಾಣದ ಗಣಿತವನ್ನು 1934ರಲ್ಲಿ ಸರ್ಗೇಯ್ ಶೆಲ್ಕುನಾಫ್ ವಿಶದಪಡಿಸಿದನು. ಕೇಬಲ್ಲನ್ನೂ ಕನೆಕ್ಟರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಈ ಪ್ರಮಾಣವು ಎಂಜಿನಿಯರುಗಳಿಗೆ ಇಂದಿಗೂ ಆಧಾರವಾಗಿದೆ.

ಹಾಗಾದರೆ ಸರಿಯಾದ ಮಾರ್ಗ ಯಾವುದು? ಜಾಲರಿಯನ್ನು ಹೊಸೆಯದೆ, ಕನೆಕ್ಟರಿನ ಲೋಹದ ಚಿಪ್ಪಿಗೆ ಸುತ್ತಲೂ, 360 ಡಿಗ್ರಿಯೂ, ಬಳೆ ತೊಡಿಸಿದಂತೆ ಬಿಗಿಯಬೇಕು. ಚಿಪ್ಪು ಎದುರಿನ ಸಾಕೆಟ್ಟಿನ ಚಿಪ್ಪನ್ನು ಸುತ್ತಲೂ ಮುಟ್ಟಬೇಕು; ಇದಕ್ಕಾಗಿಯೇ ಒಳ್ಳೆಯ ಕನೆಕ್ಟರುಗಳಲ್ಲಿ ಸಣ್ಣ ಸಣ್ಣ ಸ್ಪ್ರಿಂಗು ಬೆರಳುಗಳಿರುತ್ತವೆ. ಸಾಕೆಟ್ಟು ಯಂತ್ರದ ಲೋಹದ ಪೆಟ್ಟಿಗೆಯನ್ನು ನೇರವಾಗಿ ಮುಟ್ಟಬೇಕು. ನಡುವೆ ಬಣ್ಣದ ಲೇಪವಿದ್ದರೆ ಅಥವಾ ತುಕ್ಕು ಹಿಡಿದಿದ್ದರೆ ಸಂಪರ್ಕ ಕಡಿಯಿತೆಂದೇ ತಿಳಿಯಬೇಕು. ಉಳಿದ ಸೀಳು ಎಷ್ಟು ಕಿರಿದೆಂಬುದಕ್ಕಿಂತ ಎಷ್ಟು ಉದ್ದವೆಂಬುದೇ ಮುಖ್ಯ. ಅದರ ಉದ್ದವು ತರಂಗದ ಉದ್ದದ ಅರ್ಧಕ್ಕೆ ಸಮೀಪಿಸಿದರೆ, ಕೂದಲೆಳೆಯಷ್ಟು ಕಿರಿದಾಗಿದ್ದರೂ ಸೀಳೇ ಆಂಟೆನಾ ಆಗುತ್ತದೆ. 2.4 ಗಿಗಾಹರ್ಟ್ಸಿನ ತರಂಗದ ಉದ್ದ 12.5 ಸೆಂಟಿಮೀಟರ್, ಅದಕ್ಕೆ 6 ಸೆಂಟಿಮೀಟರಿನ ಸೀಳು ಹೆಬ್ಬಾಗಿಲೇ ಸರಿ.

ಹೊರಗಿನದು ಒಳಬರುವಂತೆ ಒಳಗಿನದು ಹೊರಹೋಗುವುದೂ ಉಂಟು. ಸೆಕೆಂಡಿಗೆ 500 ಕೋಟಿ ಬಿಟ್ಟುಗಳನ್ನು ಸಾಗಿಸುವ ಯು.ಎಸ್.ಬಿ. 3.0 ಸಂಪರ್ಕದಿಂದ ಹೊರಡುವ ಗದ್ದಲವು 2.4 ಗಿಗಾಹರ್ಟ್ಸಿನ ಪಟ್ಟಿಯ ಮೇಲೆ ಬಿದ್ದು, ಪಕ್ಕದಲ್ಲಿರುವ ನಿಸ್ತಂತು ಮೌಸಿನ ಕೆಲಸವನ್ನು ಕೆಡಿಸಬಲ್ಲದೆಂದು ಇಂಟೆಲ್ ಕಂಪನಿಯು 2012ರಲ್ಲಿ ಪ್ರಕಟಿಸಿತು. ಅದು ಸೂಚಿಸಿದ ಉಪಾಯಗಳಲ್ಲಿ ಕನೆಕ್ಟರಿಗೂ ಉಪಕರಣಕ್ಕೂ ಚೆನ್ನಾಗಿ ಕವಚ ತೊಡಿಸುವುದೂ ಒಂದು.

ಇಲ್ಲಿ ಒಂದು ವಿವೇಕವೂ ಬೇಕು. ಸಂಗೀತದ ಧ್ವನಿಯನ್ನು ಸಾಗಿಸುವ ತಂತಿಯ ಕವಚವನ್ನು ಎರಡು ತುದಿಗಳಲ್ಲೂ ನೆಲಕ್ಕೆ ಜೋಡಿಸಿದರೆ, ಕೆಲವೊಮ್ಮೆ ಆ ಸುತ್ತಿನಲ್ಲಿಯೇ 50 ಹರ್ಟ್ಸಿನ ಗುಂಯ್‌ಗುಟ್ಟುವಿಕೆ ಹೊಕ್ಕುತ್ತದೆ. ಅಂಥಲ್ಲಿ ಒಂದೇ ತುದಿಯ ಜೋಡಣೆ ವಾಸಿ. ಮೆಗಾಹರ್ಟ್ಸುಗಳ ಉಪದ್ರವಕ್ಕಾದರೋ ಎರಡು ತುದಿಗಳೂ ಜೋಡಿಸಲ್ಪಡಬೇಕು. ಆದುದರಿಂದ ಶತ್ರು ಯಾರೆಂಬುದನ್ನು ಅರಿತೇ ಕವಚವನ್ನು ತೊಡಿಸತಕ್ಕದ್ದು.

ಮಹನೀಯರೆ, ಬೆಲೆಬಾಳುವ ಕೇಬಲ್ಲನ್ನು ಕೊಂಡು, ತುದಿಯ ನಾಲ್ಕು ಕಾಸಿನ ಕೆಲಸದಲ್ಲಿ ಉಪೇಕ್ಷೆ ಮಾಡುವುದು ನಮ್ಮಲ್ಲಿ ಅಪರೂಪವಲ್ಲ. ಆಸ್ಪತ್ರೆಯಲ್ಲಿ ರೋಗಿಯ ನಾಡಿಯನ್ನು ಎಣಿಸುವ ಯಂತ್ರವಿರಲಿ, ಆಕಾಶದಲ್ಲಿ ವಿಮಾನಕ್ಕೆ ದಾರಿ ತೋರುವ ಯಂತ್ರವಿರಲಿ, ಅದರ ನೆಚ್ಚಿಕೆಯು ಹೀಗೆ ಬಿಗಿದ ಒಂದು ಬಳೆಯ ಮೇಲೆ ನಿಂತಿರಬಹುದು. ಕವಚದ ಬಲವನ್ನು ಅದರ ದಪ್ಪದಿಂದಲ್ಲ, ಅದರ ಸಂದಿನಿಂದ ಅಳೆಯೋಣ.